ಇಬ್ಬರ ಪಯಣಕ್ಕೆ ಒಬ್ಬಳು

ಕಾಲ್ಮಾನ್ ಜ್ರಿಮ್ ಸತ್ತದ್ದು ಜನವರಿಯ ಎರಡನೆಯ ಮಂಗಳವಾರ, ಬೆಳಗಿನ ಒಂಬತ್ತರ ಹೊತ್ತಿಗೆ. ಹಿತ್ತಿಲ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ಬೂಟು ಹಾಕಿಕೊಳ್ಳುತ್ತಿದ್ದ. ಒಂದು ಕಾಲಿನದು ಆಗಿತ್ತು. ಇನ್ನೊಂದನ್ನು ಕೈಯಲ್ಲಿ ಹಿಡಿದವನು ಹಾಗೆಯೇ ಗೋಡೆಗೆ ಒರಗಿದ. ಒಳಗೆ ಹಾಲು ಕಾಯಿಸುತ್ತಿದ್ದ ಹೆಂಡತಿ ಗಿಜೆಲಾ ಎರಡು ಸಲ ಕರೆದು, ಮೂರನೆಯ ಸಲ ಬೈದು, ಆಮೇಲೆ ಬಂದು ನೋಡಿದಳು.

ಅವರಿಬ್ಬರೂ ಆಫ್ರಿಕಾದ ಮಲಾವಿಗೆ ಹೊರಡಲು ಆಗ ಮೂರು ತಿಂಗಳ ಮೇಲೆ ಕೆಲವು ದಿನ ಉಳಿದಿದ್ದವು.

ಹೋಗಬೇಕೆಂಬ ಆಸೆ ಕಾಲ್ಮಾನನದು. ಮುರಾ ನದಿಯ ಈಚೆ ದಡದ ಹಳ್ಳಿಗಳಿಗೆ ನೀರು ಕೊಡುವ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಪಂಪು ರಿಪೇರಿ ಮಾಡಿದವನು ಅವನು. "ಇಲ್ಲಿ ನಲ್ಲಿ ತಿರುಗಿಸಿದ್ರೆ ನೀರು ಬರುತ್ತೆ, ಯಾರಿಗೂ ಅದೊಂದು ವಿಷಯಾನೇ ಅಲ್ಲ. ನೀರಿಗೆ ಅಂತ ಎರಡು ಮೈಲಿ ನಡೆಯೋರು ಇರೋ ಕಡೆ ಒಂದೆರಡು ವರ್ಷ ಇದ್ದು ಬರೋಣ ಕಣೇ" ಎಂದು ನಿವೃತ್ತಿಗೆ ಹತ್ತು ವರ್ಷ ಮೊದಲೇ ಹೇಳಲು ಶುರುಮಾಡಿದ್ದ. ಗಿಜೆಲಾ ಹೂಂ ಅಂದಿದ್ದಳು. ಹತ್ತು ವರ್ಷ ಆಚೆಗಿರುವ ಮಾತಿಗೆ ಹೂಂ ಅನ್ನುವುದು ಕಷ್ಟವೇನಲ್ಲ. ಆದರೆ ಕಾಲ್ಮಾನ್ ಮರೆಯುವ ಜಾತಿಯವನಲ್ಲ. ನಿವೃತ್ತಿಯಾದ ವಾರವೇ ರಾಜಧಾನಿ ಲ್ಯುಬ್ಲ್ಯಾನಾಕ್ಕೆ ಹೋಗಿ, ಇಂಥ ಸೇವೆಗೆ ಜನರನ್ನು ಕಳಿಸುವ ಸಂಸ್ಥೆಯಲ್ಲಿ ಇಬ್ಬರ ಹೆಸರೂ ಬರೆಸಿ ಬಂದ. ಅವನಿಗೆ ಒಂದು ಮಿಷನ್ ಆಸ್ಪತ್ರೆಯ ಕೊಳವೆಬಾವಿಗಳ ಕೆಲಸ. ಅವಳಿಗೆ, ಕಾಗದದಲ್ಲಿ ಬರೆದಿದ್ದಂತೆ, 'ಇತರ ಸಹಾಯ'.

ಗಿಜೆಲಾಗೆ ಐವತ್ತೇಳು ವರ್ಷ. ಆ ಕಡೆ ಟ್ರಿಯೆಸ್ಟೆ, ಈ ಕಡೆ ಗ್ರಾಜ್, ಗಡಿ ದಾಟಿದರೆ ಸಿಗುವ ಆ ಎರಡು ಊರುಗಳಾಚೆ ಅವಳು ಕಾಲಿಟ್ಟವಳಲ್ಲ.

ಅಂತ್ಯಕ್ರಿಯೆಯಾದ ಎಂಟನೆಯ ದಿನ ಸಂಸ್ಥೆಯಿಂದ ನೇಝಾ ಎಂಬ ಹುಡುಗಿ ಫೋನ್ ಮಾಡಿದಳು. ತುಂಬ ಮೆತ್ತಗೆ ಮಾತಾಡಿದಳು. "ನೀವು ಯಾವುದರ ಬಗ್ಗೆಯೂ ಯೋಚನೆ ಮಾಡ್ಬೇಡಿ ಗಿಜೆಲಾ ಅವರೇ. ಟಿಕೆಟ್ಟು, ವೀಸಾ ಎಲ್ಲ ನಾವೇ ರದ್ದು ಮಾಡಿಸ್ತೀವಿ."

"ಬೇಡ," ಅಂದಳು ಗಿಜೆಲಾ. "ನಾನು ಹೋಗ್ತೀನಿ."

ಹೇಳಿದ್ದು ತಾನೇ ಎಂದು ಅವಳಿಗೆ ಗೊತ್ತಾದದ್ದು ಆ ಕಡೆ ಮಾತು ನಿಂತಾಗ.

"ಆದ್ರೆ... ಅಲ್ಲಿ ಕೆಲಸ ಇದ್ದಿದ್ದು ಯಜಮಾನರಿಗೆ," ಅಂದಳು ನೇಝಾ, ತಡೆದು ತಡೆದು. "ನಿಮಗೆ ಅಲ್ಲಿ ಏನು ಅಂತ... ನಿಮಗೆ ಏನು ಕೆಲಸ ಬರುತ್ತೆ?"

"ಕೋಟಿಗೆ ತೋಳು ಕೂಡಿಸೋದು ಬರುತ್ತೆ."

ಅದು ತಮಾಷೆಯ ಮಾತಾಗಿರಲಿಲ್ಲ. ಪಟ್ಟಣದ ಬಟ್ಟೆ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಅವಳು ಮಾಡಿದ್ದು ಅದೊಂದೇ. ಕಾರ್ಖಾನೆ ಮುಚ್ಚಿದ ಮೇಲೆ ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ ಹರಿದ ಹೊದಿಕೆ ಹೊಲಿದಳು. ನಾಲ್ಕು ದಿನ ಬಿಟ್ಟು ನೇಝಾ ಮತ್ತೆ ಫೋನ್ ಮಾಡಿದಳು. ಆಸ್ಪತ್ರೆಯ ಪಕ್ಕದ ಶಾಲೆಯಲ್ಲಿ ಹುಡುಗಿಯರ ಹೊಲಿಗೆ ಕೋಣೆ ಇದೆ, ಆರು ಹೊಲಿಗೆ ಮಿಷನ್ ಇವೆ, ಕಲಿಸುವವರಿಲ್ಲ, ಬರಬಹುದಂತೆ. "ಆದ್ರೆ ನೀವು ಇನ್ನೂ ಯೋಚನೆ ಮಾಡಿ. ಈಗ ನಿಮ್ಮ ಮನಸ್ಸಿನ ಸ್ಥಿತಿ..."

"ಮನಸ್ಸಿಗೇನೂ ಆಗಿಲ್ಲ," ಅಂದಳು ಗಿಜೆಲಾ. ನಿಜಕ್ಕೂ ಏನೂ ಆಗಿರಲಿಲ್ಲ. ಅದೇ ಅವಳಿಗೆ ವಿಚಿತ್ರವಾಗಿತ್ತು. ಮಣ್ಣು ಹಾಕುವಾಗಲೂ ಅವಳು ಅತ್ತಿರಲಿಲ್ಲ. ಫೆಬ್ರವರಿಯ ಒಂದು ದಿನ ಒಲೆಯ ಬಾಗಿಲಿಗೆ ಮಣಿಕಟ್ಟು ತಗುಲಿ ಸುಟ್ಟದ್ದು ಅವಳಿಗೆ ಗೊತ್ತಾದದ್ದು ವಾಸನೆ ಬಂದ ಮೇಲೆ.

ಪಕ್ಕದ ಮನೆಯವಳು ಎಟೆಲ್ಕಾ, ಕಾಲ್ಮಾನನ ಅಕ್ಕ. ಎಪ್ಪತ್ತು ದಾಟಿದ್ದರೂ ಸೈಕಲ್ ತುಳಿಯುತ್ತಾಳೆ. ಮದುವೆಯಾದವಳಲ್ಲ, ಬಾಯಿಗೆ ಬೀಗ ಹಾಕಿದವಳೂ ಅಲ್ಲ. ಸುದ್ದಿ ಕಿವಿಗೆ ಬಿದ್ದ ಕೂಡಲೇ ಅಡುಗೆಮನೆಗೆ ಬಂದು ನಿಂತಳು.

"ತಲೆಗೇನು ಮಂಕು ಕವಿದಿದ್ಯೇನೇ ನಿಂಗೆ? ಅವನು ಕರ್ಕೊಂಡು ಹೋಗ್ತೀನಿ ಅಂದಾಗ ಮೂತಿ ತಿರುಗಿಸ್ತಿದ್ದೆ. ಈಗ ಅವನೇ ಇಲ್ಲ, ಒಬ್ಬಳೇ ಹೊರಟಿದ್ದೀಯ."

"ಎಲ್ಲ ತಯಾರಾಗಿದೆ ಅತ್ತಿಗೆ."

"ಏನು ತಯಾರಾಗಿರೋದು?"

"ಕಾಗದ ಪತ್ರ."

"ಕಾಗದ ತಯಾರಾಗಿದೆ ಅಂತ ಯಾರಾದ್ರೂ ಆಫ್ರಿಕಾಕ್ಕೆ ಹೋಗ್ತಾರಾ? ನನ್ನ ಹತ್ರ ಗೋರಿಗೂ ಕಾಗದ ಇದೆ. ನಾಳೆನೇ ಹೋಗಿ ಮಲಗ್ಲಾ?"

ಗಿಜೆಲಾ ಫ್ರೀಜರಿನಿಂದ ಸಾಸೇಜಿನ ಪೊಟ್ಟಣ ತೆಗೆದು ಬಾಣಲೆಗೆ ಹಾಕಿದಳು. ಡಿಸೆಂಬರಿನಲ್ಲಿ ಕಾಲ್ಮಾನ್ ಹಂದಿ ಕೊಯ್ಯಿಸಿದ್ದ. ಅರ್ಧ ಹಂದಿ ಇನ್ನೂ ಹಾಗೆಯೇ ಇತ್ತು. ಹೊರಡುವ ಹೊತ್ತಿಗೆ ಅದು ಖಾಲಿಯಾಗಬೇಕು. ಎರಡು ತಿಂಗಳು ಅತ್ತಿಗೆ ನಾದಿನಿ ಇಬ್ಬರೂ ದಿನಾ ಮಧ್ಯಾಹ್ನ ಎದುರುಬದುರು ಕೂತು ಅದನ್ನು ತಿಂದರು. ಎಟೆಲ್ಕಾ ಉಪ್ಪು ಜಾಸ್ತಿ, ಬೆಳ್ಳುಳ್ಳಿ ಕಮ್ಮಿ ಅಂತ ತಮ್ಮನನ್ನು ಬೈಯುತ್ತ, ಬೈಯುತ್ತಲೇ ಕಣ್ಣೊರೆಸಿಕೊಳ್ಳುತ್ತ ತಿನ್ನುತ್ತಿದ್ದಳು. ಗಿಜೆಲಾ ಅಗಿಯುತ್ತಿದ್ದಳು.

ಒಂದು ದಿನ ಅವಳಿಗೆ ಹೊಳೆಯಿತು: ಜೀವಮಾನದಲ್ಲಿ ತಾನೊಂದು ಇಡೀ ಬಟ್ಟೆ ಹೊಲಿದೇ ಇಲ್ಲ. ತೋಳು ಮಾತ್ರ. ಹುಡುಗಿಯರಿಗೆ ಏನು ಕಲಿಸುವುದು? ಪಟ್ಟಣದಿಂದ ನೀಲಿ ಹತ್ತಿ ಬಟ್ಟೆ ತಂದು ಎಟೆಲ್ಕಾಳನ್ನು ಮೇಜಿನ ಮುಂದೆ ನಿಲ್ಲಿಸಿ ಅಳತೆ ತೆಗೆದಳು.

"ಸೊಂಟ ಎಲ್ಲಿದೆ ಅಂತ ಹುಡುಕ್ತಿದ್ದೀಯೇನು?" ಅಂದಳು ಎಟೆಲ್ಕಾ. "ನಲವತ್ತು ವರ್ಷದಿಂದ ನಂಗೇ ಸಿಕ್ಕಿಲ್ಲ."

ನಾಲ್ಕು ದಿನ ಹಿಡಿಯಿತು. ತೋಳುಗಳು ಒಂದು ಸುಕ್ಕೂ ಇಲ್ಲದೆ ಕೂತವು. ಕೊರಳಪಟ್ಟಿ ಎಡಕ್ಕೆ ವಾಲಿತು. ಬಿಚ್ಚಿ ಮತ್ತೆ ಹೊಲಿದಳು, ಮತ್ತೆ ವಾಲಿತು. "ಇರಲಿ ಬಿಡು, ನನ್ನ ಕತ್ತೂ ಎಡಕ್ಕೇ ವಾಲಿದೆ," ಅಂದು ಎಟೆಲ್ಕಾ ಅದನ್ನೇ ಹಾಕಿಕೊಂಡು ಹೋದಳು.

ಮಾರ್ಚ್ ಕೊನೆಯಲ್ಲಿ ಕಾಮಾಲೆ ರೋಗದ ಮೂರನೆಯ ಚುಚ್ಚುಮದ್ದು ಇತ್ತು. ಮೊದಲ ಎರಡನ್ನು ಶರತ್ಕಾಲದಲ್ಲಿ ಇಬ್ಬರೂ ಒಟ್ಟಿಗೆ ಹಾಕಿಸಿಕೊಂಡಿದ್ದರು. ಗಿಜೆಲಾ ಪಟ್ಟಣದ ಆರೋಗ್ಯ ಕೇಂದ್ರದಲ್ಲಿ ಕಾಯುತ್ತ ಕೂತಳು. ಬಾಗಿಲು ತೆರೆದು, ಹೊಸದಾಗಿ ಬಂದ ನರ್ಸು ಕೈಯಲ್ಲಿದ್ದ ಚೀಟಿ ನೋಡಿ ಕೂಗಿದಳು:

"ಕಾಲ್ಮಾನ್ ಜ್ರಿಮ್!"

ಯಾರೂ ಏಳಲಿಲ್ಲ. ನರ್ಸು ಇನ್ನೊಮ್ಮೆ ಕೂಗಿದಳು. ಗಿಜೆಲಾ ಎದ್ದು ಒಳಗೆ ಹೋದಳು.

"ನಾನು ಗಿಜೆಲಾ. ನಂದೂ ಇದೆ ಇವತ್ತು."

"ಹೌದು, ನಿಮ್ಮದೂ ಇದೆ. ಮೊದಲು ಯಜಮಾನರದು ಮುಗಿಸೋಣ ಅಂತಿದ್ದೆ. ಬಂದಿಲ್ವಾ?"

"ಇಲ್ಲ."

"ಅಯ್ಯೋ, ತಪ್ಪಿಸ್ಬಾರ್ದಮ್ಮ. ಗಂಡಸರೆಲ್ಲ ಹೀಗೇ, ಸೂಜಿ ಅಂದ್ರೆ ನಾಪತ್ತೆ. ನಾಳೆ ಕಳಿಸ್ತೀರಾ?"

"ಅವರು ಹೋಗ್ಬಿಟ್ರು," ಅಂದಳು ಗಿಜೆಲಾ.

"ಮೊದಲೇ ಹೋಗ್ಬಿಟ್ರಾ? ನಿಮ್ಮನ್ನ ಬಿಟ್ಟು?" ನರ್ಸು ನಕ್ಕು, ಹತ್ತಿಗೆ ಸ್ಪಿರಿಟ್ ಹಾಕಿದಳು. "ಸರಿ, ಅಲ್ಲೇ ಎಲ್ಲಾದರೂ ಹಾಕಿಸ್ಕೊಳ್ಳೋಕೆ ಹೇಳಿ. ಎಡಗೈಯಾ, ಬಲಗೈಯಾ?"

"ಯಾವುದಾದ್ರೂ."

ನರ್ಸು ಎಡಗೈಗೆ ಚುಚ್ಚಿದಳು. "ಬೇಗ ಹೋಗಿ ಸೇರ್ಕೊಳ್ಳಿ ಹಾಗಾದ್ರೆ," ಅಂದಳು. ಗಿಜೆಲಾ ಆಗಲಿ ಎಂದು ತಲೆಯಾಡಿಸಿ, ತೋಳಿನ ಗುಂಡಿ ಹಾಕಿಕೊಂಡು, ಬಸ್ಸು ಹಿಡಿದು ಮನೆಗೆ ಬಂದಳು. ಆ ಹುಡುಗಿಯ ಮೇಲೆ ಅವಳಿಗೆ ಬೇಜಾರಿರಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಹೊಲಗಳು ಹೋದವು. ಚಳಿಗಾಲ ಆಫ್ರಿಕಾದಲ್ಲಿ ಕಳೆದ ಕೊಕ್ಕರೆ ಕಂಬದ ಮೇಲಿನ ಗೂಡಿಗೆ ಬಂದಾಗಿತ್ತು.

ಈಸ್ಟರಿಗೆ ಮಗಳು ದಾರಿಂಕಾ ಬಂದಳು. ಗ್ರಾಜಿನ ಒಂದು ಹೋಟೆಲಿನಲ್ಲಿ ಕೆಲಸ ಮಾಡುವ ಮೂವತ್ತೊಂದರ ಹೆಣ್ಣು. ಫೋನಿನಲ್ಲಿ ಜಗಳವಾಡಿ ಆಗಿತ್ತು. ಈಗ ಎದುರಿಗೇ ಆಡೋಣವೆಂದೇ ಬಂದಿದ್ದಳು. ತಾಯಿ ಊರಲ್ಲಿಲ್ಲದಷ್ಟೂ ದಿನ ಮನೆ ಬಾಡಿಗೆಗೆ ಕೊಟ್ಟಾಗಿದೆ, ಒಬ್ಬರು ಮೇಷ್ಟ್ರ ಕುಟುಂಬ ಬರುತ್ತದೆ ಎಂದು ಕೇಳಿ ಅವಳ ಮುಖ ಇನ್ನಷ್ಟು ಕೆಂಪಾಯಿತು. ಹಬ್ಬದ ತಿನಿಸು ಹರಸಿಸಲು ಚರ್ಚಿಗೆ ಒಯ್ಯುವ ಬುಟ್ಟಿಗೆ ಗಿಜೆಲಾ, ಬಣ್ಣ ಹತ್ತಲೆಂದು ಈರುಳ್ಳಿ ಸಿಪ್ಪೆಯ ನೀರಿನಲ್ಲಿ ಮೊಟ್ಟೆ ಬೇಯಿಸುತ್ತಿದ್ದಳು.

"ಅಪ್ಪನ ಆಸೆ ತೀರಿಸ್ತೀನಿ ಅಂತ ಹೊರಟಿದ್ದೀಯಾ? ಅಪ್ಪನಿಗೆ ಈಗ ಯಾವ ಆಸೆನೂ ಇಲ್ಲ ಅಮ್ಮ."

"ಅದಕ್ಕಲ್ಲ."

"ಮತ್ತೆ ಯಾಕೆ? ಅಲ್ಲಿರೋ ಮಕ್ಕಳ ಮೇಲೆ ಅಷ್ಟು ಪ್ರೀತಿ ಉಕ್ಕಿ ಬಂತಾ?"

"ಅವರನ್ನ ನಾನು ನೋಡೇ ಇಲ್ವಲ್ಲ."

"ಅಮ್ಮಾ!" ದಾರಿಂಕಾ ಮೇಜು ಬಡಿದಳು. "ನಿನ್ನ ಹತ್ರ ಮಾತಾಡೋದೂ ಒಂದೇ, ಗೋಡೆ ಹತ್ರ ಮಾತಾಡೋದೂ ಒಂದೇ. ಒಂದು ಸಲ ಅತ್ತುಬಿಡೇ!"

ಗಿಜೆಲಾ ಚಮಚದಿಂದ ಮೊಟ್ಟೆಗಳನ್ನು ಒಂದೊಂದಾಗಿ ತಿರುಗಿಸಿದಳು. ಆಮೇಲೆ ಯಾರಿಗೂ ಹೇಳದೆ ಇದ್ದುದನ್ನು ಪಾತ್ರೆಯ ಕಡೆ ನೋಡುತ್ತಲೇ ಹೇಳಿದಳು.

"ಕ್ರಿಸ್‌ಮಸ್‌ಗೆ ಮುಂಚೆ ನಾನು ಚರ್ಚಿನಲ್ಲಿ ಬೇಡ್ಕೊಂಡೆ. ದೇವರೇ, ಏನಾದ್ರೂ ಒಂದು ಅಡ್ಡಿ ತಂದು ಈ ಪ್ರಯಾಣ ನಿಲ್ಲಿಸಪ್ಪಾ ಅಂತ. ವೀಸಾ ಸಿಗದೆ ಹೋಗಲಿ ಅಂತ ನನ್ನ ಮನಸ್ಸಿನಲ್ಲಿ ಇದ್ದಿದ್ದು. ಅಷ್ಟೇ ಇದ್ದಿದ್ದು. ಆದ್ರೆ ಬಾಯಲ್ಲಿ ಅಂದಿದ್ದು ಏನಾದ್ರೂ ಅಂತ."

ದಾರಿಂಕಾ ಕುರ್ಚಿ ಎಳೆದುಕೊಂಡು ಕೂತಳು. ಮೇಜಿನ ಮೇಲೆ ಬಿದ್ದಿದ್ದ ಈರುಳ್ಳಿ ಸಿಪ್ಪೆಯನ್ನು ಬೆರಳಲ್ಲಿ ಮುದುರಿದಳು.

"ನಾನೂ ಬೇಡ್ಕೊಂಡಿದ್ದೆ," ಅಂದಳು ಕೊನೆಗೆ. "ದೇವರ ಹತ್ರ ಅಲ್ಲ. ಅವನನ್ನ ನಾನು ಮಾತಾಡಿಸಿ ಎಷ್ಟು ವರ್ಷ ಆಯ್ತೋ. ಸುಮ್ನೆ ಬಸ್ಸಲ್ಲಿ ಕೂತು. ಇವರಿಬ್ಬರೂ ಹೋಗ್ದೆ ಇರೋ ಹಾಗೆ ಏನಾದ್ರೂ ಆಗಬಾರದಾ ಅಂತ."

"ಹಾಗಾದ್ರೆ ಇಬ್ಬರೂ ಸೇರಿ ಕೊಂದ್ವಾ?" ಗಿಜೆಲಾ ಕೇಳಿದಳು. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದಂತಿತ್ತು.

ದಾರಿಂಕಾಗೆ ನಗು ಬಂತು. ಬರಬಾರದ ನಗು, ತಡೆಯಲು ಹೋದಷ್ಟೂ ಉಕ್ಕಿತು. ನಗುತ್ತ ನಗುತ್ತ ಅದು ಅಳುವಾಗಿ, ತಲೆಯನ್ನು ಮೇಜಿನ ಮೇಲಿಟ್ಟು ಬಿಕ್ಕಿದಳು. ಗಿಜೆಲಾ ಒಲೆ ಆರಿಸಿ, ಬಂದು, ಮಗಳ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಳು. ಕೈಗೆ ಬೆನ್ನಿನ ಬಿಸಿ ತಿಳಿಯುತ್ತಿತ್ತು. ಅಷ್ಟೇ ತಿಳಿಯುತ್ತಿತ್ತು.

"ಪ್ರಾಯಶ್ಚಿತ್ತ ಅಂತ ಹೋಗ್ತಿದ್ದೀಯಾ?" ದಾರಿಂಕಾ ಮೂಗೊರೆಸಿಕೊಂಡು ಕೇಳಿದಳು.

"ಇಲ್ವೇ. ಅದಕ್ಕೂ ಒಳಗೆ ಏನಾದ್ರೂ ಅನ್ನಿಸ್ಬೇಕಲ್ಲ. ಇಲ್ಲಿ ಕೂತ್ರೂ ನನಗೆ ಹೀಗೇ ಇರುತ್ತೆ. ಅಲ್ಲಿ ಕೂತ್ರೆ ಆರು ಮಿಷನ್ನಾದ್ರೂ ಓಡುತ್ತೆ."

ಆಮೇಲೆ ಮಗಳು ಹೋಗಬೇಡ ಅನ್ನಲಿಲ್ಲ. ಮಾರನೆಯ ದಿನ ಕಪಾಟಿನ ಮೇಲಿಂದ ಸೂಟ್‌ಕೇಸುಗಳನ್ನು ಅವಳೇ ಇಳಿಸಿದಳು. ಟಿಕೆಟ್ಟಿನಲ್ಲಿ ತಲೆಗೆ ಇಪ್ಪತ್ತಮೂರು ಕಿಲೋ. ತಾಯಿ ತನ್ನ ಬಟ್ಟೆ ಕಡಿಮೆ ಮಾಡಿ ಮಿಷನ್ನಿನ ಸೂಜಿ, ಬೆಲ್ಟು, ದಾರದ ಉಂಡೆಗಳನ್ನು ತುಂಬಿದಳು. ಎಟೆಲ್ಕಾ ಒಂದು ಲೀಟರ್ ಕುಂಬಳಬೀಜದ ಎಣ್ಣೆ ತಂದು, ಇದನ್ನು ಒಯ್ಯದಿದ್ದರೆ ಹೋಗುವುದೇ ಬೇಡ ಎಂದು ಹಟ ಹಿಡಿದಳು. ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದನ್ನೂ ಇಟ್ಟರು.

ಈಸ್ಟರಿನ ಮುಂದಿನ ಸೋಮವಾರ ದಾರಿಂಕಾ ತಾಯಿಯನ್ನು ಕಾರಿನಲ್ಲಿ ವಿಯೆನ್ನಾ ವಿಮಾನ ನಿಲ್ದಾಣಕ್ಕೆ ಕರೆದೊಯ್ದಳು. ಎಟೆಲ್ಕಾ ಗೇಟಿನ ತನಕ ಬಂದು, "ಸೊಳ್ಳೆ ಪರದೆ ಮರೀಬೇಡ, ಹಾಳಾದವಳೇ," ಅಂದು, ತಬ್ಬಿಕೊಳ್ಳದೆ ಒಳಗೆ ಹೋಗಿಬಿಟ್ಟಳು. ದಾರಿಯುದ್ದಕ್ಕೂ ತಾಯಿ ಮಗಳು ಬಾಡಿಗೆಯವರ ಬಗ್ಗೆ, ಬಾಯ್ಲರಿನ ಬಗ್ಗೆ ಮಾತಾಡಿದರು. ತಪಾಸಣೆಯ ಗೆರೆಯ ಬಳಿ ಮಗಳು ತಬ್ಬಿಕೊಂಡಳು. ಗಿಜೆಲಾ ಅವಳ ಕೂದಲು ಸರಿಮಾಡಿ, ಕೈಚೀಲವನ್ನು ಟ್ರೇಯಲ್ಲಿಟ್ಟು ಮುಂದೆ ಹೋದಳು.

ಚೀಲದೊಳಗೆ ಕತ್ತರಿ ಇತ್ತು. ಕಾರ್ಖಾನೆಗೆ ಸೇರಿದ ಮೊದಲ ವರ್ಷ ಕೊಂಡದ್ದು, ಗೇಣುದ್ದ, ಹಿಡಿಯ ಕಪ್ಪು ಬಣ್ಣ ಹೆಬ್ಬೆರಳು ತಗುಲಿ ಸವೆದಿತ್ತು. ದೊಡ್ಡ ಪೆಟ್ಟಿಗೆಯಲ್ಲಿ ಕಳೆದುಹೋದೀತೆಂದು ಅದನ್ನು ಅವಳು ಕೈಚೀಲದಲ್ಲೇ ಇಟ್ಟುಕೊಂಡಿದ್ದಳು. ಕಾವಲಿನ ಯುವಕ ಅದನ್ನು ತೆಗೆದು, ಜರ್ಮನ್ನಿನಲ್ಲಿ ಏನೋ ಹೇಳಿ, ಪಕ್ಕದ ಡಬ್ಬಿಗೆ ಎಸೆದ. ಉಗುರು ಕತ್ತರಿಗಳ, ಚಾಕುಗಳ ರಾಶಿಯ ಮೇಲೆ ಅದು ಠಣ್ಣೆಂದು ಬಿತ್ತು.

"ಏಯ್!" ಅಂದಳು ಗಿಜೆಲಾ.

ಆ ದನಿ ಗೆರೆಯ ಆಚೆ ನಿಂತಿದ್ದ ದಾರಿಂಕಾಗೂ ಕೇಳಿಸಿತು.

"ತೆಗಿಯೋ ಅದನ್ನ! ಯಾರಪ್ಪನ ಕತ್ತರಿ ಅಂದ್ಕೊಂಡೆ? ನೀನು ಹುಟ್ಟೋಕೆ ಮುಂಚಿನದು ಅದು! ಹಾಗೆ ಎಸೀತಾರೇನೋ ಕತ್ತರೀನ? ಬಾಯಿ ಮುರಿದ್ರೆ ನಿಮ್ಮಪ್ಪ ಸಾಣೆ ಹಿಡಿದು ಕೊಡ್ತಾನಾ?"

ಎಲ್ಲವೂ ಅಪ್ಪಟ ಮುರಾ ದಡದ ಮಾತು. ಯುವಕನಿಗೆ ಒಂದಕ್ಷರ ತಿಳಿಯದಿದ್ದರೂ ಅರ್ಥ ತಿಳಿಯಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗಿಜೆಲಾಳ ಮುಖ ಕೆಂಪೇರಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಹಿರಿಯ ಅಧಿಕಾರಿಯೊಬ್ಬಳು ಬಂದು, ಕೈಸನ್ನೆಯಲ್ಲೇ ಮಾತಾಡಿ, ಕತ್ತರಿಯನ್ನು ತೆಗೆಸಿ, ಅವಳನ್ನು ಗೆರೆಯ ತನಕ ವಾಪಸು ಕರೆದುಕೊಂಡು ಬಂದಳು. ಗಿಜೆಲಾ ಕತ್ತರಿಯನ್ನು ಮಗಳ ಕೈಗಿಟ್ಟಳು.

"ಪಾರ್ಸೆಲ್ ಮಾಡು. ಬಟ್ಟೇಲಿ ಸುತ್ತಿ ಮಾಡು. ಕಾಗದದಲ್ಲಲ್ಲ."

"ಆಯ್ತಮ್ಮ," ಅಂದಳು ದಾರಿಂಕಾ. ಕೊಟ್ಟ ಮೇಲೂ ತಾಯಿಯ ಹೆಬ್ಬೆರಳು ಸವೆದ ಹಿಡಿಯ ಮೇಲೇ ಇತ್ತು. ಅದನ್ನು ತಾಯಿಯೂ ನೋಡಿಕೊಳ್ಳುತ್ತಿದ್ದಳು, ಬೇರೆ ಯಾರದೋ ಕೈ ಎಂಬಂತೆ.

ವಿಮಾನದಲ್ಲಿ ಅವಳ ಪಕ್ಕದ ಸೀಟು ಖಾಲಿಯಿತ್ತು. ಅದು ಯಾರದೆಂದು ಅವಳಿಗೆ ಗೊತ್ತಿತ್ತು. ಸಂಸ್ಥೆಯವರು ಟಿಕೆಟ್ಟನ್ನು ರದ್ದು ಮಾಡಿಸಿದ್ದರೂ ಅಲ್ಲಿಗೆ ಬೇರೆ ಯಾರೂ ಬಂದಿರಲಿಲ್ಲ. ವಿಮಾನ ನೆಲ ಬಿಟ್ಟ ಮೇಲೆ ಅವಳು ಸೀಟಿನ ನಡುವಿನ ಕೈಯಾಸರೆಯನ್ನು ಮೇಲಕ್ಕೆತ್ತಿ, ಚಪ್ಪಲಿ ಕಳಚಿ, ಎರಡೂ ಸೀಟಿನಲ್ಲಿ ಕಾಲು ಮಡಚಿ ಮಲಗಿದಳು. ಜನವರಿಯಿಂದ ಈಚೆಗೆ ಅವಳು ಅಷ್ಟು ಹೊತ್ತು ಒಟ್ಟಿಗೆ ನಿದ್ದೆ ಮಾಡಿದ್ದು ಅದೇ ಮೊದಲು.

ಅಲ್ಲಿ ಅವಳು ಎರಡು ವರ್ಷ ಪೂರ್ತಿ ಇದ್ದಳು. ಮಿಷನ್ನುಗಳಲ್ಲಿ ನಾಲ್ಕು ಓಡಿದವು, ಎರಡು ಕೊನೆಗೂ ಓಡಲೇ ಇಲ್ಲ.