ಈರುಳ್ಳಿ ಹೆಚ್ಚಿದ ದೆವ್ವ

ಪ್ರಾಣಿಗಳೇ ಬಾಳಿಕೊಂಡಿದ್ದ ಒಂದು ಪಟ್ಟಣದಲ್ಲಿ ಒಂದೇ ಒಂದು ಟೆಂಟ್ ಸಿನಿಮಾ ಇತ್ತು. ಅಲ್ಲಿ ಯಾವ ಚಿತ್ರ ಉಳಿಯಬೇಕು, ಯಾವುದು ಗಂಟುಮೂಟೆ ಕಟ್ಟಬೇಕು ಎಂಬುದನ್ನು ಮುದಿ ಗೂಬೆಯ ವಿಮರ್ಶೆ ತೀರ್ಮಾನಿಸುತ್ತಿತ್ತು. ಗೂಬೆ ಓದಿದ್ದು ಬಹಳ. ಹೊಗಳಿದ್ದು ಮಾತ್ರ ಯಾರಿಗೂ ನೆನಪಿರಲಿಲ್ಲ.

ಆ ಊರಿನ ಬಡ ಕರಡಿಯೊಂದು ದೆವ್ವದ ಹಾಸ್ಯಚಿತ್ರ ತೆಗೆಯಿತು. ಒಂದು ಹಳೇ ಬಿಳಿ ಸೀರೆ, ಒಂದು ಜೊತೆ ಗೆಜ್ಜೆ, ಮುಖಕ್ಕೆ ಬಳಿಯಲು ಅಕ್ಕಿಹಿಟ್ಟು, ಇಷ್ಟೇ ಅದರ ವೈಭವ. ದೆವ್ವದ ಪಾತ್ರ ಮುದಿ ಮೇಕೆಯದು. ಮೂವತ್ತು ವರ್ಷ ಅದು ಪರದೆಯ ಮೇಲೆ ಹೆಣದ ಸುತ್ತ ಅಳುವ ಗುಂಪಿನಲ್ಲೇ ಕೂತಿತ್ತು. ಈಗ ಮೊದಲ ಸಲ ನಗಿಸುವ ಪಾತ್ರ ಸಿಕ್ಕಿತ್ತು: ಸೊಸೆಯನ್ನು ಹೆದರಿಸಲು ಬಂದ ಅತ್ತೆಯ ದೆವ್ವವನ್ನು ಸೊಸೆ ಈಳಿಗೆಮಣೆ ಕೊಟ್ಟು ಈರುಳ್ಳಿ ಹೆಚ್ಚಲು ಕೂರಿಸುತ್ತಾಳೆ.

ಚಿತ್ರ ತೆರೆ ಕಾಣುವ ಹೊತ್ತಿಗೆ ಮೇಕೆ ಹಾಸಿಗೆ ಹಿಡಿದಿತ್ತು.

"ಸಾಯೋದ್ರೊಳಗೆ ಒಂದ್ಸಲ ಟೆಂಟಲ್ಲಿ ಕೂತು, ಜನ ನನ್ನ ನೋಡಿ ನಗೋದನ್ನ ಕೇಳ್ಬೇಕು ಕಣಪ್ಪ" ಎಂದಿತು.

"ಜ್ವರ ಇಳೀಲಿ ಅಕ್ಕ, ಶುಕ್ರವಾರ ನಾನೇ ಕರ್ಕೊಂಡು ಹೋಗ್ತೀನಿ" ಎಂದಿತು ಕರಡಿ.

ಸೋಮವಾರದ ಮ್ಯಾಟಿನಿಗೆ ಗೂಬೆ ಬಂತು. ಗೆಜ್ಜೆ ಸದ್ದಿಗೆ ರೆಕ್ಕೆಯೊಳಗೆ ತಲೆ ಹುದುಗಿಸಿತು. ಈರುಳ್ಳಿಯ ದೃಶ್ಯಕ್ಕೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ಮನೆಗೆ ಹೋಗಿ "ತುಂಬಾ ಚೆನ್ನಾಗಿದೆ" ಎಂದು ಬರೆಯಿತು. ಆಮೇಲೆ ನಾಚಿಕೆಯಾಯಿತು. ಅಕ್ಕಿಹಿಟ್ಟಿನ ದೆವ್ವಕ್ಕೆ ಪಂಡಿತರು ನಕ್ಕರಂತೆ ಎಂದು ನಾಲ್ಕು ಜನ ಆಡಿಕೊಂಡರೆ? ಬರೆದದ್ದನ್ನು ಹೊಡೆದುಹಾಕಿ, ಹೆಂಡತಿಯ ಹುಳಿ ಅಮೃತದಂತಿದ್ದ ದಿನ ಹೇಳುವ ಮಾತನ್ನೇ ಬರೆದು ಕಳಿಸಿತು: "ಪರವಾಗಿಲ್ಲ."

ಟೆಂಟಿನ ಯಜಮಾನ ಆಮೆ. ಪಂಚಾಯಿತಿಯಲ್ಲಿ ಯಾರು ಪರ, ಯಾರು ವಿರೋಧ ಎಂದು ಎತ್ತಿದ ಕೈ ನೋಡಿ ನೋಡಿ ಮುದಿಯಾದ ಜೀವ. ಚೀಟಿಯನ್ನು ಎರಡು ಸಲ ಓದಿ, "ಪರವಾಗಿ ಇಲ್ಲ ಅಂದ್ಮೇಲೆ ವಿರೋಧವೇ ಆಯ್ತಲ್ಲ" ಎಂದು ಚಿತ್ರವನ್ನು ಎತ್ತಿಸಿಬಿಟ್ಟಿತು. ಸುದ್ದಿ ತಿಳಿದ ಗಿಳಿಗಳು ಟೆಂಟಿನ ಕಡೆ ತಲೆಯೂ ಹಾಕದೆ, ಇದು ಹೆದರಿಸುವುದೂ ಇಲ್ಲ, ನಗಿಸುವುದೂ ಇಲ್ಲ ಎಂದು ಪತ್ರಿಕೆಯ ತುಂಬ ಬರೆದವು.

ಶುಕ್ರವಾರ ಕರಡಿ ಮೇಕೆಯನ್ನು ಹೊತ್ತುಕೊಂಡೇ ಬಂತು. ಟೆಂಟಿನ ಬಾಗಿಲಲ್ಲಿ ಸಿಂಹದ ಸಾಹಸಚಿತ್ರದ ಪೋಸ್ಟರ್ ಇತ್ತು.

"ಯಾರೂ ನಗ್ಲಿಲ್ವಾ?" ಎಂದು ಕೇಳಿತು ಮೇಕೆ.

"ನಕ್ರು ಅಕ್ಕ. ನಾನೇ ಕಣ್ಣಾರೆ ಕಂಡೆ, ಗೂಬೆ ಪಂಡಿತರೇ ನಕ್ರು."

"ಸುಳ್ಳು ಹೇಳೋದಾದ್ರೂ ನಂಬೋ ಹಾಗೆ ಹೇಳಪ್ಪ" ಎಂದು ಮೇಕೆ ಮುಖ ತಿರುಗಿಸಿಕೊಂಡಿತು. ಮಂಗಳವಾರ ಅದು ತೀರಿಕೊಂಡಿತು. ಇದನ್ನು ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಸಂತಾಪಸಭೆಗೆ ಬಂದ ಗೂಬೆ, ತನ್ನ ಚೀಟಿ ಓದಿಯೇ ಚಿತ್ರ ಎತ್ತಿಸಿದ್ದೆಂದು ತಿಳಿದು ಅತ್ತುಬಿಟ್ಟಿತು. "ಚೆನ್ನಾಗಿದೆ ಅಂತಲೇ ಅಲ್ವೇನಯ್ಯ ನಾನು ಬರೆದಿದ್ದು!"

"ಚೆನ್ನಾಗಿದೆ ಅಂತ ಎಲ್ಲಿ ಬರೆದಿದ್ರಿ, ಸ್ವಾಮಿ?" ಎಂದಿತು ಆಮೆ.

ಗೂಬೆ ಮನೆಗೆ ಹೋಗಿ, ಜೀವಮಾನದ ಹೊಗಳಿಕೆಯನ್ನೆಲ್ಲ ಒಟ್ಟು ಮಾಡಿ ಹತ್ತು ಪುಟ ಬರೆಯಿತು. ಆ ಅಕ್ಕಿಹಿಟ್ಟಿನಲ್ಲಿ ಬದುಕಿನ ನಶ್ವರತೆ ಇದೆ, ಆ ಈರುಳ್ಳಿಯಲ್ಲಿ ಯುಗಯುಗಗಳ ಹೆಣ್ಣಿನ ಕಣ್ಣೀರಿದೆ ಎಂದಿತು. ಗಿಳಿಗಳು ಅದನ್ನೂ ಊರಿಗೆಲ್ಲ ಒಪ್ಪಿಸಿದವು. ಆಮೆ ಚಿತ್ರವನ್ನು ಮತ್ತೆ ಹಾಕಿತು.

ಟೆಂಟು ಕಿಕ್ಕಿರಿಯಿತು. ಕರಡಿ ಹಿಂದಿನ ಸಾಲಿನಲ್ಲಿ, ಪಕ್ಕದ ಜಾಗವನ್ನು ಖಾಲಿ ಬಿಟ್ಟು ಕೂತಿತು. ಗೆಜ್ಜೆ ಸದ್ದಾಯಿತು, ದೆವ್ವ ಬಂತು, ಸೊಸೆ ಈಳಿಗೆಮಣೆ ಕೊಟ್ಟಳು. ಎಲ್ಲರೂ ಕೈಕಟ್ಟಿ ಗಂಭೀರವಾಗಿ ನೋಡುತ್ತಿದ್ದರು. ಒಬ್ಬರೂ ನಗಲಿಲ್ಲ.

ತಡೆಯಲಾರದೆ ಮುಂದಿನ ಸಾಲಿನಲ್ಲಿದ್ದ ಗೂಬೆ ಗಟ್ಟಿಯಾಗಿ ನಕ್ಕುಬಿಟ್ಟಿತು.

ಕತ್ತಲಲ್ಲಿ ಗುರುತು ಸಿಗದೆ, ಪಕ್ಕದ ಹಂದಿ ಅದರ ರೆಕ್ಕೆ ಹಿಡಿದು ಗದರಿತು: "ಶ್! ಮೊದ್ಲು ಗೂಬೆ ಪಂಡಿತರು ಬರೆದಿದ್ದನ್ನ ಓದ್ಕೊಂಡು ಬನ್ರೀ."