ಅತ್ತೆಯ ಇನ್ನೊಂದು ಮಾತು

ನಾನು ಎಕ್ಸ್-ರೇ ಕೆಲಸದಲ್ಲಿದ್ದೇನೆ ಎಂದ ಕೂಡಲೇ ಜನ ತಮ್ಮ ಮಂಡಿ ತೋರಿಸುತ್ತಾರೆ. ಮೊದಮೊದಲು ತಾಳ್ಮೆಯಿಂದ ಬಿಡಿಸಿ ಹೇಳುತ್ತಿದ್ದೆ. ಈಗ "ಬಿಸಿನೀರಿನ ಶಾಖ ಕೊಡಿ" ಎಂದು ಮುಂದೆ ಹೋಗುತ್ತೇನೆ. ನಾವು ನೋಡುವುದು ಮೂಳೆಯನ್ನಲ್ಲ, ಆಕಾಶದ ಜೋಡಿಗಳನ್ನು. ಒಂದು ಕಪ್ಪುಕುಳಿ, ಅದರ ಮಗ್ಗುಲಲ್ಲೊಂದು ಬಡಪಾಯಿ ನಕ್ಷತ್ರ. ನಕ್ಷತ್ರದ ಅನಿಲವನ್ನು ಕಪ್ಪುಕುಳಿ ಸದ್ದಿಲ್ಲದೆ ಎಳೆದುಕೊಂಡು ತನ್ನ ಸುತ್ತ ತಟ್ಟೆಯ ಹಾಗೆ ಪೇರಿಸುತ್ತಾ ಹೋಗುತ್ತದೆ. ವರ್ಷಗಟ್ಟಲೆ ಏನೂ ಕಾಣುವುದಿಲ್ಲ. ಒಂದು ದಿನ ತಟ್ಟೆ ತುಂಬಿ, ಕೂಡಿಟ್ಟದ್ದು ಒಳಗೆ ಸುರಿಯತೊಡಗಿದಾಗ ಆ ಮೂಲೆಯೆಲ್ಲ ಎಕ್ಸ್-ರೇಯಲ್ಲಿ ಧಗ್ಗೆಂದು ಹೊತ್ತಿಕೊಳ್ಳುತ್ತದೆ.

ಅಂಥದೊಂದು ಜೋಡಿಗೆ 'ಅತ್ತೆ' ಎಂದು ಹೆಸರಿಟ್ಟವರು ಭಾವ, ನನ್ನ ಅಕ್ಕನ ಗಂಡ. ನಮ್ಮ ಉಪಗ್ರಹದ ಡಿಟೆಕ್ಟರ್ ಕಟ್ಟಿದ ಎಂಜಿನಿಯರ್ ಅವರು, ನನ್ನನ್ನು ಈ ಕೆಲಸಕ್ಕೆ ಎಳೆದು ತಂದವರೂ ಅವರೇ. ಅವರಿಗೆ ಹಾಗೊಬ್ಬ ಸೋದರತ್ತೆ ಇದ್ದರಂತೆ. ಎಲ್ಲವನ್ನೂ ನುಂಗಿಕೊಂಡು ತುಟಿಪಿಟಕ್ಕೆನ್ನದೆ ಇದ್ದು, ಯಾರದೋ ಮದುವೆಯಲ್ಲಿ ಒಮ್ಮೆಲೇ ಸಿಡಿಯುತ್ತಿದ್ದರಂತೆ.

ಭಾವನ ಇನ್ನೊಂದು ಕರಾಮತ್ತು ಸ್ಪೀಕರ್. ಉಪಗ್ರಹ ನಮ್ಮ ನೆತ್ತಿಯ ಮೇಲೆ ಹಾಯುವಾಗ ಮಾಹಿತಿ ನೇರವಾಗಿ ಇಳಿಯುತ್ತದೆ. ಆಗ ಕಿರಣ ಬಿದ್ದ ಹಾಗೆಲ್ಲ 'ಟಕ್' ಎನ್ನುವಂತೆ ಹಳೇ ರೇಡಿಯೋದಿಂದ ಕಿತ್ತ ಸ್ಪೀಕರೊಂದನ್ನು ಮೇಜಿನ ಕೆಳಗೆ ಬಿಗಿದಿದ್ದರು. "ಪರದೆ ನೋಡಿ ನೋಡಿ ಕಣ್ಣು ಹಾಳ್ಮಾಡ್ಕೋಬೇಡಿ, ಕಿವಿ ಕೊಡಿ" ಅನ್ನುತ್ತಿದ್ದರು. ನಾವು ಬೇರೆ ಕೆಲಸ ಮಾಡುತ್ತಲೇ ಒಂದು ಕಿವಿ ಅತ್ತ ಇಟ್ಟಿರುತ್ತಿದ್ದೆವು. ಊಟದ ಡಬ್ಬಿ ತರುತ್ತಿದ್ದ ಅಕ್ಕನಿಗೆ ಮಾತ್ರ ಆ ಸದ್ದು ಕೇಳಿದರೆ ಮೈ ಉರಿಯುತ್ತಿತ್ತು. "ಇದು ಅತ್ತೆ ಅಲ್ಲ ಕಣೇ, ನನ್ನ ಸವತಿ" ಅನ್ನುತ್ತಿದ್ದಳು. ಎಂಥ ಕಾಲ ಅದು! ಇಂದಿಗೂ ಆ ಕೋಣೆಗೆ ಕಾಲಿಟ್ಟರೆ ಕಾದ ತಂತಿಯ ವಾಸನೆ, ಅಕ್ಕನ ಡಬ್ಬಿಯ ಮುಚ್ಚಳದ ಸದ್ದು, ಭಾವನ ಕೆಮ್ಮು ಎಲ್ಲ ನೆನಪಾಗುತ್ತವೆ.

ಅತ್ತೆ ಮೊದಲ ಸಲ ಸಿಡಿದದ್ದು ಆಗಲೇ. ಸ್ಪೀಕರ್ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಸಿಡಿಯಿತು, ನಾವು ಕುಣಿದೆವು. ಕೆಲವು ವಾರಗಳಲ್ಲಿ ಅದು ಮಂಕಾಯಿತು, ಎಲ್ಲರೂ ಗಂಟುಮೂಟೆ ಕಟ್ಟಿದರು. ಭಾವ ಮಾತ್ರ ಕುರ್ಚಿ ಬಿಡಲಿಲ್ಲ.

"ಬಾಗಿಲ ತನಕ ಹೋಗಿದ್ದಾಳೆ ಅಷ್ಟೆ. ಚಪ್ಪಲಿ ಮೆಟ್ಕೊಂಡ ಮೇಲೂ ತಿರುಗಿ ಬಂದು ಇನ್ನೊಂದು ಮಾತು ಹೇಳ್ದೆ ಹೋಗೋ ಪೈಕಿ ಅಲ್ಲ ಅವಳು."

ಹೇಳಿದಂತೆಯೇ ಟಕ್ ಟಕ್ ಮತ್ತೆ ಏರಿತು. ಆದರೆ ಅತ್ತೆಯ ಪಕ್ಕದಲ್ಲೇ ಇನ್ನೊಂದು ಗಲಾಟೆಯ ನಕ್ಷತ್ರವಿದೆ, ನಮ್ಮ ಡಿಟೆಕ್ಟರಿನ ನೋಟವೋ ಅಗಲ. ಎರಡರ ಕಿರಣಗಳೂ ಒಟ್ಟಿಗೆ ಅದರೊಳಗೆ ಬೀಳುತ್ತವೆ. ಏರಿದ್ದು ನೆರೆಯವಳ ಸದ್ದು, ಅತ್ತೆಯದಲ್ಲ ಎಂದು ದೊಡ್ಡವರೆಲ್ಲ ತೀರ್ಮಾನಿಸಿದರು. ಉಪಗ್ರಹವನ್ನು ಸ್ವಲ್ಪ ಓರೆ ಮಾಡಿದರೆ ನೆರೆಯವಳು ಹೊರಗುಳಿಯುತ್ತಾಳೆ, ಅತ್ತೆ ಅರ್ಧ ಕಂಡರೂ ಕಂಡಷ್ಟೂ ಅವಳದೇ ಎಂದು ಭಾವ ಅಂಗಲಾಚಿದರು. ಆ ಹೊತ್ತಿಗೆ ಉಪಗ್ರಹದ ಸಮಯ ಬೇರೆಯವರ ಪಾಲಾಗಿತ್ತು. ಆಮೇಲೆ ನಮ್ಮ ಮೊಗಸಾಲೆಯಲ್ಲಿ ಯಾರು ಏನೇ ಕಂಡುಹಿಡಿದೆ ಎಂದರೂ "ಪಕ್ಕದ್ಮನೆ ಸದ್ದಿರ್ಬೇಕು, ನೋಡಿ" ಎನ್ನುವುದೇ ತಮಾಷೆಯಾಯಿತು. ಭಾವನೂ ನಗುತ್ತಿದ್ದರು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು, ಕೊನೆಯವರೆಗೂ ಮಾತು ಬಿಟ್ಟುಕೊಡಲಿಲ್ಲ. ಹೋದ ವರ್ಷದ ಹಿಂದಿನ ವರ್ಷ ತೀರಿಕೊಂಡರು.

ಈ ವರ್ಷ ಅತ್ತೆ ಮತ್ತೆ ಸಿಡಿದಳು, ಎಂದಿನಂತೆ ಮಂಕಾದಳು. ಉಪಗ್ರಹಕ್ಕೂ ವಯಸ್ಸಾಗಿದೆ, ಅದನ್ನು ಆರಿಸುವುದೆಂದು ನಿಶ್ಚಯವಾಗಿತ್ತು. ಯಾವಾಗ ಎತ್ತ ತಿರುಗಬೇಕೆಂದು ಹೇಳುವ ಕೆಲಸ ಈಗ ನನ್ನದು. ಕೊನೆಯ ನೋಟವನ್ನು ಓರೆಯಾಗಿ ಅತ್ತೆಗೇ ಕೊಡಬೇಕೆಂದು ನಿರ್ದೇಶಕಿಯ ಬಳಿ ಹೋದೆ. ಒಂದು ಕಾಲದಲ್ಲಿ ಪಕ್ಕದ್ಮನೆ ತಮಾಷೆಗೆ ನನ್ನ ಜೊತೆ ನಕ್ಕವಳೇ ಅವಳು.

"ತಿರುಗಿಸೋ ಚಕ್ರ ಸವೆದುಹೋಗಿದೆ. ಒಂದ್ಸಲ ಓರೆ ಆದ್ರೆ ಮತ್ತೆ ನೇರ ಆಗಲ್ಲ," ಎಂದಳು. "ಏನೂ ಕೇಳ್ಲಿಲ್ಲ ಅಂದ್ರೆ ನಿಮ್ಮ ಭಾವ ಹೇಳಿದ್ದು ಪಕ್ಕದ್ಮನೆ ಸದ್ದೇ ಅಂತ ನಾವೇ ಮೊಹರು ಒತ್ತಿದ ಹಾಗೆ. ಯೋಚ್ನೆ ಮಾಡಿದ್ದೀಯಾ?"

"ಮಾಡಿದ್ದೀನಿ" ಎಂದೆ. ಆದೇಶದ ಕಾಗದ ಮುಂದಿಟ್ಟೆ, ಅವಳು ಸಹಿ ಹಾಕಿದಳು.

ಓರೆ ಮಾಡುವ ದಿನ ಮಧ್ಯಾಹ್ನ ಅಕ್ಕ ಬಂದಳು, ಕೈಚೀಲದಲ್ಲಿ ಸ್ಕ್ರೂಡ್ರೈವರ್ ಸಮೇತ. "ಹೇಗೂ ಮುಚ್ತೀರಂತಲ್ಲ. ಸ್ಪೀಕರ್ ಬಿಚ್ಚಿ ನಂಗೆ ಕೊಟ್ಬಿಡು."

"ಸವತಿಯ ಸದ್ದು ಬೇಡ ಅಂತಿದ್ದೆ?"

"ಮನೇಲಿ ಈಗ ಯಾವ ಸದ್ದೂ ಇಲ್ಲ ಕಣೇ" ಎಂದು ಭಾವನ ಹಳೇ ಕುರ್ಚಿಯಲ್ಲಿ ಕೂತಳು.

ಉಪಗ್ರಹ ಓರೆಯಾದ ಮೇಲೆ ಮೊದಲ ಸಲ ಹಾಯ್ದಾಗ ಅಲ್ಲೊಂದು ಇಲ್ಲೊಂದು ಟಕ್, ಅಷ್ಟೆ. ಅದು ಖಾಲಿ ಆಕಾಶದ ಸದ್ದು. ನೆರೆಯವಳು ಹೊರಗುಳಿದಿದ್ದಳು, ಅದೇನೋ ಸರಿ. ಆದರೆ ಅತ್ತೆಯೂ ಇರಲಿಲ್ಲ. ಉಪಗ್ರಹ ಭೂಮಿಯನ್ನೊಂದು ಸುತ್ತು ಬರುವ ತನಕ ಕಾಯಬೇಕು. ನನಗೆ ಅಕ್ಕನ ಮುಖ ನೋಡುವ ಧೈರ್ಯವಾಗದೆ ಚಹಾ ತಂದೆ.

ಅಕ್ಕ ಲೋಟ ಹಿಡಿದು ತಾನಾಗಿಯೇ ಹೇಳತೊಡಗಿದಳು. "ಆಸ್ಪತ್ರೆಗೆ ಹೊರಟ ದಿನ ಆಟೋ ಬಂದು ನಿಂತಿತ್ತು. ಇವರು ಬಾಗಿಲ ತನಕ ಹೋಗಿ ತಿರುಗಿ ಬಂದ್ರು. ಏನ್ರೀ ಅಂದ್ರೆ, 'ಗ್ಯಾಸ್ ಆರ್ಸಿದ್ದೀಯಾ?' ಅಂದ್ರು. ಮೊದ್ಲೇ ನಂಗೆ ಗಾಬರಿ. 'ನಡೀರಿ ಸುಮ್ನೆ' ಅಂತ ಗದರಿಬಿಟ್ಟೆ. ಉತ್ತರಾನೇ ಕೊಡ್ಲಿಲ್ಲ. ಅಲ್ಲಿಗೆ ಹೋದ್ಮೇಲೆ ಅವರಿಗೆ ಮಾತೇ ಬರ್ಲಿಲ್ಲ."

ಅವಳ ಕೈಯಲ್ಲಿದ್ದ ಚಹಾ ಆರಿತು.

ಎರಡನೆಯ ಸಲ ಉಪಗ್ರಹ ದಿಗಂತ ದಾಟಿ ಮೇಲೆ ಬಂದಿತು. ಟಕ್. ಟಕ್. ಮತ್ತೆ ಅದೇ ಎಂದುಕೊಂಡೆ. ಆಮೇಲೆ ಒಂದರ ಹಿಂದೊಂದು ಟಕ್ಕುಗಳು ಸೇರಿಕೊಂಡವು, ಅವುಗಳ ನಡುವೆ ಮತ್ತಷ್ಟು ನುಗ್ಗಿದವು. ನಾನು ಓರೆಯ ಅಳತೆಯನ್ನು ಮತ್ತೆ ಮತ್ತೆ ನೋಡಿದೆ. ನೆರೆಯವಳು ಹೊರಗೇ ಇದ್ದಳು. ಇದು ಅತ್ತೆಯೇ, ಅತ್ತೆಯೊಬ್ಬಳೇ. ಬಾಗಿಲಲ್ಲಿ ಬಂದು ನಿಂತಿದ್ದ ನಿರ್ದೇಶಕಿ "ಪಕ್ಕದ್ಮನೆದಲ್ಲ" ಎಂದಳು. ನಾನು ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

"ಅಕ್ಕಾ, ಭಾವ ಹೇಳಿದ್ದೇ ನಿಜ. ಅತ್ತೆ ತಿರುಗಿ ಬಂದಿದ್ದಾಳೆ."

ಅಕ್ಕ ನನ್ನ ಕಡೆ ನೋಡಲಿಲ್ಲ. ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು, ಬಗ್ಗಿ, ಕೆಳಗಿದ್ದ ಸ್ಪೀಕರಿನ ಮೇಲೆ ಅಂಗೈ ಇಟ್ಟಳು.

"ಆರ್ಸಿದ್ದೆ ಕಣ್ರೀ," ಎಂದಳು. "ಗ್ಯಾಸ್ ಆರ್ಸೇ ಬಂದಿದ್ದೆ."