ನೆಲಕ್ಕೆ ಎಟುಕುವ ಸೀಟು

ವಿದ್ಯುತ್ ಬೈಕಿನ ಮರದ ಮಾದರಿಯ ಮೇಲೆ ಅಕ್ಕ, ತಮ್ಮನ ಹೆಗಲು ಹಿಡಿದು ಹತ್ತಿ ಕುಳಿತಳು. ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡುವ ನರ್ಸ್ ಅವಳು, ಬೈಕು ಅಂಥವರಿಗೆಂದೇ. ಬ್ಯಾಟರಿಗೆ ಇನ್ನೊಂದು ಪದರ ಸೇರಿಸಿದರೆ ನಲವತ್ತು ಕಿಲೋಮೀಟರ್ ಹೆಚ್ಚು ಓಡುತ್ತದೆ, ಆದರೆ ಸೀಟು ಮೂರು ಬೆರಳು ಮೇಲೇರುತ್ತದೆ. ಬೇಕೋ ಬೇಡವೋ ಎಂದು ವಿನ್ಯಾಸಕಾರನಾದ ತಮ್ಮ ಸಂಜೆಯೊಳಗೆ ಕಂಪನಿಗೆ ಹೇಳಬೇಕಿತ್ತು. ಅವನ ಜೀವವೆಲ್ಲ ಆ ನಲವತ್ತರ ಮೇಲಿತ್ತು. ಪದರದಷ್ಟೇ ದಪ್ಪದ ಹಲಗೆಯನ್ನು ಆಗಲೇ ಸೀಟಿನಡಿ ಇಟ್ಟಿದ್ದ.

“ಹೊರಟೆ ಕಣೋ,” ಎಂದು ಅಕ್ಕ ಕಣ್ಣು ಮುಚ್ಚಿದಳು. ಕಿಟಕಿಯ ಬಿಸಿಲು ಅವಳ ಮುಖದ ಮೇಲೆ ನೀರಿನಂತೆ ಆಡಿತು. ಮರದ ಬೈಕು ಸದ್ದಿಲ್ಲದೆ ತೇಲಿದಂತೆ, ಗೋಡೆಗಳು ಮೆಲ್ಲಗೆ ಹಿಂದೆ ಸರಿದಂತೆ ತಮ್ಮನಿಗೂ ಅನ್ನಿಸಿತು.

“ಮೊದಲನೇ ಮನೆ ಬಂತು,” ಎಂದು ಅವಳು ಕಾಲು ಕೆಳಗೆ ಚಾಚಿದಳು. ನೆಲ ಸಿಗಲಿಲ್ಲ. ವಾಲಿದವಳನ್ನು ತಮ್ಮ ತಬ್ಬಿ ಹಿಡಿದ.

“ಬೈಕ್ ಅಂತ ಒಂಟೆ ಮಾಡಿಟ್ಟಿದೀಯಲ್ಲೋ!”

“ಸೀಟು ಇಳಿಸಿದ್ರೆ ದೂರ ಹೋಗಲ್ಲ ಅಕ್ಕಾ.”

“ನಾನೆಲ್ಲಿ ಒಂದೇ ಉಸಿರಿಗೆ ದೂರ ಹೋಗ್ತೀನೋ? ಮನೆಮನೆಗೂ ನಿಲ್ಲೋಳು. ಮಗು ತೂಕ ನೋಡಿ, ತಾಯಿ ಕಷ್ಟಸುಖ ಕೇಳೋಷ್ಟರಲ್ಲಿ ಇದೂ ಒಂದಿಷ್ಟು ಚಾರ್ಜ್ ಕುಡ್ಕೊಳ್ಳಲಿ.”

ತಮ್ಮ ಅಕ್ಕನನ್ನು ಇಳಿಸಿ, ಹಲಗೆಯನ್ನು ಎಳೆದು ತೆಗೆದು ಗೋಡೆಗೆ ಒರಗಿಸಿದ.